ಬೆನ್ ನೆವಿಸ್ ಬರೀ 1,345 ಮೀಟರ್. ಹಿಮ ಇರುವಾಗ ನಾವೇ ಹತ್ತಬಹುದಾ?

ಪ್ರಶ್ನೆ: ನಾವು ನಾಲ್ವರು ಸ್ನೇಹಿತರು ಎಡಿನ್‌ಬರೋದಲ್ಲಿ ಓದುತ್ತಿದ್ದೇವೆ. ಊರಲ್ಲಿದ್ದಾಗ ಕುಮಾರ ಪರ್ವತ, ಕುದುರೆಮುಖ ಎರಡೂ ಹತ್ತಿದ್ದೇವೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟ ಅವಕ್ಕಿಂತ ಗಿಡ್ಡ ಅಲ್ವಾ? ಜನವರಿಯಲ್ಲಿ ಹೋಗಿ ಬರಬಹುದಾ?

ಉತ್ತರ: ಈ ಜನವರಿಯಲ್ಲಿ ನೀವು ನಾಲ್ವರೇ ತುದಿಯ ತನಕ ಹೋಗಬೇಡಿ. ಹಿಮದಲ್ಲಿ ನಡೆಯುವುದನ್ನು ಕಲಿತ ಮೇಲೆ ಖಂಡಿತ ಹೋಗಿ. ನಿಮ್ಮ ಕಾಲಿನ ಕಸುವಿನ ಬಗ್ಗೆ ನನಗೆ ಅನುಮಾನವಿಲ್ಲ. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿದವರಿಗೆ 1,300 ಮೀಟರ್ ಏರು ಹೊಸದಲ್ಲ. ಇಲ್ಲಿ ಅಪಾಯ ಬರುವುದು ಬೇರೆ ಕಡೆಯಿಂದ.

ಮೊದಲನೆಯದು ಚಳಿ ಮತ್ತು ಹಗಲು. 1883ರಿಂದ 1904ರ ತನಕ ಬೆನ್ ನೆವಿಸ್ ತುದಿಯಲ್ಲಿ ಹವಾಮಾನ ವೀಕ್ಷಣಾಲಯ ಇತ್ತು. ಅಲ್ಲೇ ಉಳಿದು ಬರೆದಿಟ್ಟವರ ಲೆಕ್ಕದಲ್ಲಿ ಇಡೀ ವರ್ಷದ ಸರಾಸರಿ ಉಷ್ಣಾಂಶವೇ ಸೊನ್ನೆಗಿಂತ ಸ್ವಲ್ಪ ಕೆಳಗೆ. ಜನವರಿ ಶುರುವಿನಲ್ಲಿ ಇಡೀ ದಿನಕ್ಕೆ ಬೆಳಕು ಇರುವುದೇ ಸುಮಾರು ಏಳು ಗಂಟೆ ಕಾಲ. ಬೇಸಿಗೆಯಲ್ಲೇ ಹೋಗಿ ಬರಲು ಏಳೆಂಟು ಗಂಟೆ ಹಿಡಿಯುತ್ತದೆ, ಹಿಮದಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಒಬ್ಬೊಬ್ಬರ ಹತ್ತಿರವೂ ಹೆಡ್‌ಟಾರ್ಚ್ ಇರಲೇಬೇಕು.

ನಿಜವಾದ ಪರೀಕ್ಷೆ ಇರುವುದು ತುದಿಯಲ್ಲಿ. ಅದು ಚೂಪಾದ ಶಿಖರವಲ್ಲ, ಅಗಲವಾದ ಬಯಲು. ಉತ್ತರಕ್ಕೆ ನೂರಾರು ಮೀಟರ್ ನೇರ ಬಂಡೆ. ಆ ಅಂಚಿನಾಚೆಗೂ ಗಾಳಿ ಹಿಮವನ್ನು ಚಾಚಿ ನಿಲ್ಲಿಸಿರುತ್ತದೆ. ಅದಕ್ಕೆ ಕಾರ್ನಿಸ್ ಅಂತಾರೆ. ಮೇಲಿಂದ ನೋಡಿದರೆ ಗಟ್ಟಿ ನೆಲದ ಹಾಗೇ ಕಾಣುತ್ತದೆ, ಕೆಳಗೆ ಏನೂ ಇರುವುದಿಲ್ಲ. ಮೋಡ ಕವಿದರೆ ನೆಲವೂ ಬಿಳಿ, ಆಕಾಶವೂ ಬಿಳಿ. ನಿಮ್ಮ ಬೂಟಿನ ಮುಂದೆ ಏರು ಇದೆಯೋ ಇಳಿಜಾರು ಇದೆಯೋ ತಿಳಿಯುವುದಿಲ್ಲ.

ಆಗ ಇಳಿಯಲು ಎರಡು ಸಂಖ್ಯೆ ಬಾಯಿಪಾಠ ಇರಬೇಕು. ತುದಿಯ ಸರ್ವೆ ಕಂಬದಿಂದ ದಿಕ್ಸೂಚಿಯ 231 ಡಿಗ್ರಿ ದಿಕ್ಕಿಗೆ 150 ಮೀಟರ್, ಅಲ್ಲಿಂದ 282 ಡಿಗ್ರಿಗೆ ತಿರುಗಬೇಕು. ಬೇಗ ತಿರುಗಿದರೆ ಗಾರ್ಡಿಲೂ ಗಲ್ಲಿ ಎಂಬ ಕೊರಕಲು, ತಿರುಗದೆ ನೇರ ಹೋದರೆ ಫೈವ್ ಫಿಂಗರ್ ಗಲ್ಲಿ. ಎರಡೂ ಕಡೆ ಜನ ಸತ್ತಿದ್ದಾರೆ. 150 ಮೀಟರ್ ಅಂದರೆ ನಿಮ್ಮ ಎಷ್ಟು ಹೆಜ್ಜೆ ಎಂದು ಮೈದಾನದಲ್ಲಿ ಅಳೆದು ಇಟ್ಟುಕೊಳ್ಳಿ. ಹಿಮದಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ, ಆ ಲೆಕ್ಕವೂ ಬೇಕು. ಒಬ್ಬರು ದಿಕ್ಸೂಚಿ ಹಿಡಿಯಲಿ, ಇನ್ನೊಬ್ಬರು ಹೆಜ್ಜೆ ಎಣಿಸಲಿ. ಫೋನನ್ನೇ ನಂಬಿ ಹೋಗಬೇಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಒದ್ದೆ ಗ್ಲೌಸಿಗೆ ಪರದೆ ಮಾತು ಕೇಳುವುದಿಲ್ಲ.

ಕ್ರ್ಯಾಂಪಾನ್ (ಬೂಟಿನಡಿಗೆ ಕಟ್ಟುವ ಲೋಹದ ಮುಳ್ಳುಗಳು), ಐಸ್ ಆಕ್ಸ್ (ಹಿಮದಲ್ಲಿ ಬಳಸುವ ಕೊಡಲಿ) ಬಾಡಿಗೆಗೆ ಸಿಗುತ್ತವೆ. ಆದರೆ ಅವುಗಳ ಬಳಕೆ ಕೈಗೆ ಹತ್ತಬೇಕು. ಗಟ್ಟಿ ಹಿಮದಲ್ಲಿ ಜಾರಿದರೆ ವೇಗ ಏರುವುದು ಕ್ಷಣಗಳಲ್ಲಿ. ಜಾರುವುದನ್ನು ತಡೆಯಲು ಆಕ್ಸ್‌ನ ತಲೆಯನ್ನು ಭುಜದ ಹತ್ತಿರ ಹಿಡಿದು, ಮಗುಚಿ ಬಿದ್ದು, ಎದೆಯ ಭಾರವೆಲ್ಲ ಅದರ ಮೇಲೆ ಹಾಕಬೇಕು. ಕ್ರ್ಯಾಂಪಾನ್ ಹಾಕಿದ್ದರೆ ಪಾದ ಮೇಲೆತ್ತಿರಬೇಕು. ಇಲ್ಲವಾದರೆ ಅದರ ಮುಳ್ಳು ಹಿಮಕ್ಕೆ ಕಚ್ಚಿ ನಿಮ್ಮನ್ನೇ ಪಲ್ಟಿ ಹೊಡೆಸುತ್ತದೆ. ಇದನ್ನು ಕ್ರ್ಯಾಂಪಾನ್ ಬಿಚ್ಚಿಟ್ಟು, ಕೆಳಗೆ ಬಂಡೆ ಇಲ್ಲದ ಇಳಿಜಾರಲ್ಲಿ, ಹೆಲ್ಮೆಟ್ ಹಾಕಿ ಮತ್ತೆ ಮತ್ತೆ ಜಾರಿ ಕಲಿಯಬೇಕು. ವಿಡಿಯೊ ನೋಡಿದರೆ ಬರುವ ವಿದ್ಯೆಯಲ್ಲ ಇದು. ಅವಿಮೋರ್ ಹತ್ತಿರದ ಗ್ಲೆನ್‌ಮೋರ್ ಲಾಡ್ಜ್‌ನಂಥ ಕಡೆ ಇದಕ್ಕೆ ತರಬೇತಿ ಸಿಗುತ್ತದೆ. ನಾಲ್ವರೂ ಒಟ್ಟಿಗೆ ಸೇರಿಕೊಳ್ಳಿ. ನಿಮ್ಮ ದುಡ್ಡು ಮೊದಲು ಹೋಗಬೇಕಾದ್ದು ಇದಕ್ಕೇ.

ಹಿಮಕುಸಿತದ ವಿಷಯ. ಸ್ಕಾಟ್ಲೆಂಡಿನಲ್ಲಿ ಗಾಳಿ ಹಿಮವನ್ನು ಹೊತ್ತು ತಂದು ಮರೆಯ ಇಳಿಜಾರಲ್ಲಿ ಚಪ್ಪಡಿಯಂತೆ ಕೂರಿಸುತ್ತದೆ. 30ರಿಂದ 45 ಡಿಗ್ರಿ ಇಳಿಜಾರಲ್ಲಿ ಅದರ ಮೇಲೆ ಕಾಲಿಟ್ಟರೆ ಪೂರಾ ಚಪ್ಪಡಿಯೇ ಜಾರಬಹುದು. ಸ್ಕಾಟಿಷ್ ಅವಲಾಂಚ್ ಇನ್ಫರ್ಮೇಶನ್ ಸರ್ವಿಸ್ ಚಳಿಗಾಲದಲ್ಲಿ ದಿನಾ ಸಂಜೆ ಮಾರನೇ ದಿನದ ಮುನ್ಸೂಚನೆ ಕೊಡುತ್ತದೆ. ಬೆನ್ ನೆವಿಸ್‌ಗೆ ‘ಲೊಖಾಬರ್’ ವಿಭಾಗ ನೋಡಿ.

ಇನ್ನು ಗೆಳೆಯರ ಮಾತು. ಸ್ನೇಹಿತರ ಗುಂಪಿನಲ್ಲಿ ‘ವಾಪಸ್ ಹೋಗೋಣ’ ಅಂತ ಮೊದಲು ಬಾಯಿ ಬಿಡಲು ಎಲ್ಲರಿಗೂ ಸಂಕೋಚ. ಒಬ್ಬನಿಗೆ ಬೆರಳು ಮರಗಟ್ಟಿದ್ದರೂ ಸುಮ್ನೆ ನಡೆಯುತ್ತಾನೆ. ಅದಕ್ಕೇ ಕಾರಿಂದ ಇಳಿಯುವ ಮೊದಲೇ ಮಾತಾಡಿಕೊಳ್ಳಿ: ಎಲ್ಲೇ ಇರಲಿ, ಇಷ್ಟು ಗಂಟೆಗೆ ತಿರುಗುತ್ತೇವೆ. ಒಬ್ಬರು ಬೇಡ ಅಂದರೂ ನಾಲ್ವರೂ ತಿರುಗುತ್ತೇವೆ, ಯಾರೂ ಕಾರಣ ಕೇಳುವಂತಿಲ್ಲ.

ಈ ಚಳಿಗಾಲಕ್ಕೆ ನಿಮ್ಮ ಮನೆ ಹತ್ತಿರದ ಪೆಂಟ್‌ಲ್ಯಾಂಡ್ ಬೆಟ್ಟಗಳೇ ಸಾಕು. ಅಲ್ಲಿನ ಅತಿ ಎತ್ತರದ ಸ್ಕಾಲ್ಡ್ ಲಾ 579 ಮೀಟರ್. ಮಂಜು ಮುಸುಕಿದ ದಿನ ಅಲ್ಲಿ ದಿಕ್ಸೂಚಿ, ಹೆಜ್ಜೆ ಲೆಕ್ಕ ಎರಡೂ ರೂಢಿ ಮಾಡಿಕೊಳ್ಳಿ. ಹೊರಡುವ ಮೊದಲು ರೂಟನ್ನೂ ವಾಪಸಾಗುವ ಹೊತ್ತನ್ನೂ ಯಾರಿಗಾದರೂ ಬರೆದು ಕೊಡಿ. ತೊಂದರೆಯಾದರೆ 999ಕ್ಕೆ ಫೋನ್ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಅದೇ ನಂಬರಿಗೆ ಇಂಗ್ಲಿಷ್‌ನಲ್ಲಿ ‘ರಿಜಿಸ್ಟರ್’ ಎಂದು ಮೆಸೇಜ್ ಕಳಿಸಿ ಈಗಲೇ ನೋಂದಾಯಿಸಿಕೊಳ್ಳಿ. ಮಾತಾಡುವಷ್ಟು ಸಿಗ್ನಲ್ ಇಲ್ಲದ ಕಡೆಯಿಂದಲೂ ಮೆಸೇಜ್ ಹೋಗುವ ಸಾಧ್ಯತೆ ಇರುತ್ತದೆ.