ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಡಾಟ್‌ನೆಟ್ ಬಿಲ್ಡ್ ಎರರ್ ಮತ್ತು ಪ್ರಾಜೆಕ್ಟ್ ರೆಫರೆನ್ಸ್ ಬಗ್ಗೆ ಟಿಪ್ಪಣಿ

ಸಿ ಶಾರ್ಪ್ ಕಲಿಯುವಾಗ ಒಂದೇ ಪ್ರಾಜೆಕ್ಟ್ ಇರುವ ತನಕ ಬಿಲ್ಡ್ ಎರರ್ ಅಂದ್ರೆ ಸೆಮಿಕೋಲನ್ ಬಿಟ್ಟಿದ್ದು, ಸ್ಪೆಲ್ಲಿಂಗ್ ತಪ್ಪಿದ್ದು, ಅಷ್ಟೇ. ಎರಡನೇ ಪ್ರಾಜೆಕ್ಟ್ ಸೇರಿಸಿದ ಮೇಲೆ ಬೇರೆ ಜಾತಿಯ ಎರರ್‌ಗಳು ಶುರುವಾಗುತ್ತವೆ. ಕೋಡ್ ಸರಿಯಾಗೇ ಇರುತ್ತದೆ, ಆದರೂ ಬಿಲ್ಡ್ ಆಗುವುದಿಲ್ಲ. ಈ ಟಿಪ್ಪಣಿ ಆ ಎರಡನೇ ಜಾತಿಯ ಬಗ್ಗೆ. ವಿಷುವಲ್ ಸ್ಟುಡಿಯೋ ಮತ್ತು ಎಂಎಸ್‌ಬಿಲ್ಡ್ (ಡಾಟ್‌ನೆಟ್ ಪ್ರಾಜೆಕ್ಟ್‌ಗಳನ್ನು ಬಿಲ್ಡ್ ಮಾಡುವ ಟೂಲ್) ಇಟ್ಟುಕೊಂಡು ಬರೆದಿದ್ದೇನೆ. ರೈಡರ್ ಅನ್ನುವ ಇನ್ನೊಂದು ಎಡಿಟರ್ ಅಥವಾ ಬರೀ ಕಮಾಂಡ್ ಲೈನ್ ಬಳಸುವವರಿಗೂ ಇದರಲ್ಲಿ ಹೆಚ್ಚಿನದು ಹಾಗೇ ಅನ್ವಯಿಸುತ್ತದೆ. ಯಾಕಂದ್ರೆ ಒಳಗೆ ಕೆಲಸ ಮಾಡುವುದು ಅದೇ ಎಂಎಸ್‌ಬಿಲ್ಡ್.

ಉದಾಹರಣೆಗೆ ಒಂದು ಸೊಲ್ಯೂಷನ್, ಅಂದರೆ ಪ್ರಾಜೆಕ್ಟ್‌ಗಳ ಗುಂಪು, ತಗೊಳ್ಳೋಣ. ಒಳಗೆ ಮೂರು ಪ್ರಾಜೆಕ್ಟ್: ಕಾಮನ್, ಸ್ಟಾಕ್, ಬಿಲ್ಲಿಂಗ್. ಸ್ಟಾಕ್‌ಗೆ ಕಾಮನ್ ಬೇಕು. ಬಿಲ್ಲಿಂಗ್‌ಗೆ ಎರಡೂ ಬೇಕು. ಹೀಗೆ ಒಂದಕ್ಕೆ ಇನ್ನೊಂದು ಬೇಕು ಅಂತ ಬರೆದಿಡುವುದೇ ರೆಫರೆನ್ಸ್.

ಮೊದಲು ಅಕ್ಷರ ಓದಿ, ಆಮೇಲೆ ನಂಬರ್

ಬಿಲ್ಡ್ ಬಟನ್ ಒತ್ತಿದಾಗ ನಡೆಯುವುದು ಒಂದೇ ಕೆಲಸ ಅಲ್ಲ. ಮೊದಲು ನ್ಯೂಗೆಟ್ ಪ್ಯಾಕೇಜ್‌ಗಳ (ಹೊರಗಿನಿಂದ ತರುವ ಲೈಬ್ರರಿಗಳ) ರಿಸ್ಟೋರ್, ಅಂದರೆ ಇಳಿಸಿಕೊಳ್ಳುವುದು. ಆಮೇಲೆ ಯಾವ ರೆಫರೆನ್ಸ್‌ಗೆ ಯಾವ ಡಿಎಲ್ಎಲ್ (ಕಂಪೈಲ್ ಆದ ಲೈಬ್ರರಿ) ಫೈಲ್ ಅಂತ ಹುಡುಕಾಟ. ಆಮೇಲೆ ಕಂಪೈಲ್. ಕೊನೆಗೆ ಹುಟ್ಟಿದ ಫೈಲ್‌ಗಳನ್ನು ಬಿನ್ ಫೋಲ್ಡರ್‌ಗೆ ಕಾಪಿ ಮಾಡುವುದು. ಯಾವ ಹಂತದಲ್ಲಿ ಎಡವಿತು ಅನ್ನುವುದನ್ನು ಎರರ್ ಕೋಡ್‌ನ ಮೊದಲ ಅಕ್ಷರಗಳೇ ಹೇಳುತ್ತವೆ. ಎನ್‌ಯು ಅಂತ ಶುರುವಾದರೆ ನ್ಯೂಗೆಟ್. ನೆಟ್‌ಎಸ್‌ಡಿಕೆ ಅಂತ ಇದ್ದರೆ ಎಸ್‌ಡಿಕೆ, ಅಂದರೆ ಡಾಟ್‌ನೆಟ್ ಟೂಲ್‌ಗಳ ಕಟ್ಟು. ಎಂಎಸ್‌ಬಿ ಅಂದರೆ ಎಂಎಸ್‌ಬಿಲ್ಡ್, ಅಂದರೆ ಹುಡುಕಾಟ ಅಥವಾ ಕಾಪಿ. ಸಿಎಸ್ ಅಂದರೆ ಕಂಪೈಲರ್.

ನಾವು ಸಾಮಾನ್ಯವಾಗಿ ಸಿಎಸ್ ಎರರ್‌ಗಳನ್ನೇ ಹಿಡಿದು ಕೂರುತ್ತೇವೆ, ಯಾಕಂದ್ರೆ ಅವು ನಮ್ಮ ಕೋಡ್‌ನ ಸಾಲನ್ನು ತೋರಿಸುತ್ತವೆ. ಆದರೆ ಅದೇ ಪಟ್ಟಿಯಲ್ಲಿ ಎನ್‌ಯು ಅಥವಾ ಎಂಎಸ್‌ಬಿ ಸಾಲು ಒಂದಾದರೂ ಇದ್ದರೆ ಮೊದಲು ಅದನ್ನು ನೋಡಬೇಕು. ಅದು ಸಾಮಾನ್ಯವಾಗಿ ಹಿಂದಿನ ಹಂತದ್ದು. ಅದು ಸರಿಹೋದರೆ ಕೆಳಗಿನ ಮೂವತ್ತು ನಲವತ್ತು ಎರರ್ ತಾವಾಗೇ ಮಾಯ ಆಗುವುದುಂಟು.

ಇನ್ನೊಂದು ಮಾತು. ಎರರ್ ಲಿಸ್ಟ್ ಕಿಟಕಿ ನಂಬಿಕೆಗೆ ಅಷ್ಟೊಂದು ಯೋಗ್ಯ ಅಲ್ಲ. ಅದರಲ್ಲಿ ಬಿಲ್ಡ್ ಎರರ್ ಜೊತೆಗೆ ಇಂಟೆಲಿಸೆನ್ಸ್ (ಟೈಪ್ ಮಾಡುವಾಗಲೇ ಕೋಡ್ ನೋಡುವ ಸೌಲಭ್ಯ) ಊಹಿಸಿದ ಎರರ್‌ಗಳೂ ಸೇರಿಕೊಂಡಿರುತ್ತವೆ. ಮೇಲಿರುವ ಡ್ರಾಪ್‌ಡೌನ್‌ನಲ್ಲಿ 'ಬಿಲ್ಡ್ ಓನ್ಲಿ' ಆರಿಸಿಕೊಳ್ಳಿ. ಅದಕ್ಕಿಂತ ಔಟ್‌ಪುಟ್ ಕಿಟಕಿ ವಾಸಿ. ಅಲ್ಲಿ ಎಲ್ಲವೂ ನಡೆದ ಕ್ರಮದಲ್ಲೇ ಇರುತ್ತದೆ. ಮೇಲಿನಿಂದ ಕೆಳಗೆ ಓದುತ್ತಾ ಮೊದಲು ಸಿಗುವ ಎರರ್ ಎಲ್ಲಿ ಅಂತ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಸಿಎಸ್0006: ಬರೆ ಬಿದ್ದ ಎಮ್ಮೆ

ಕಾಮನ್ ಪ್ರಾಜೆಕ್ಟ್‌ನಲ್ಲಿ ಒಂದು ಬ್ರ್ಯಾಕೆಟ್ ಬಿಟ್ಟುಹೋಗಿದೆ ಅಂದುಕೊಳ್ಳಿ. ಕಾಮನ್ ಕಂಪೈಲ್ ಆಗುವುದಿಲ್ಲ, ಹಾಗಾಗಿ ಅದರ ಡಿಎಲ್ಎಲ್ ಹುಟ್ಟುವುದಿಲ್ಲ. ಆ ಡಿಎಲ್ಎಲ್ ನಂಬಿಕೊಂಡಿದ್ದ ಸ್ಟಾಕ್ ಮತ್ತು ಬಿಲ್ಲಿಂಗ್ ಎರಡರಲ್ಲೂ ಸಿಎಸ್0006 ಬರುತ್ತದೆ: ಇಂಥ ಮೆಟಾಡೇಟಾ ಫೈಲ್ ಸಿಗಲಿಲ್ಲ ಅಂತ. ನೋಡಿದರೆ ಬಿಲ್ಲಿಂಗ್‌ನ ರೆಫರೆನ್ಸ್ ಹಾಳಾಗಿದೆ ಅನ್ನಿಸುತ್ತದೆ. ಎಷ್ಟೋ ಜನ ಇಲ್ಲಿ ರೆಫರೆನ್ಸ್ ತೆಗೆದು ಮತ್ತೆ ಸೇರಿಸುತ್ತಾರೆ, ವಿಷುವಲ್ ಸ್ಟುಡಿಯೋ ಮುಚ್ಚಿ ತೆರೆಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ರೆಫರೆನ್ಸ್‌ಗೆ ಏನೂ ಆಗಿಲ್ಲ. ಸಿಎಸ್0006ರಲ್ಲಿ ಯಾವ ಡಿಎಲ್ಎಲ್ ಹೆಸರಿದೆಯೋ ಆ ಪ್ರಾಜೆಕ್ಟ್ ಒಂದನ್ನೇ ಮೌಸ್‌ನ ಬಲಗಡೆ ಒತ್ತಿ ಬಿಲ್ಡ್ ಮಾಡಿ. ನಿಜವಾದ ಎರರ್ ಅಲ್ಲೇ ಇರುತ್ತದೆ.

ಆ ಪ್ರಾಜೆಕ್ಟ್ ಒಂಟಿಯಾಗಿ ಚೆನ್ನಾಗಿ ಬಿಲ್ಡ್ ಆಯಿತು, ಆದರೆ ಸೊಲ್ಯೂಷನ್ ಬಿಲ್ಡ್ ಮಾಡಿದರೆ ಮತ್ತೆ ಅದೇ ತಕರಾರು ಅಂದ್ರೆ? ಆಗ ಕಾನ್ಫಿಗರೇಷನ್ ಮ್ಯಾನೇಜರ್ ತೆಗೆದು ನೋಡಿ. ಪ್ರತಿ ಪ್ರಾಜೆಕ್ಟ್ ಮುಂದೆ ಬಿಲ್ಡ್ ಅಂತ ಒಂದು ಟಿಕ್ ಡಬ್ಬಿ ಇರುತ್ತದೆ. ಡೀಬಗ್‌ನಲ್ಲಿ ಟಿಕ್ ಇದ್ದು ರಿಲೀಸ್‌ನಲ್ಲಿ ಇಲ್ಲದಿರುವುದು ಅಪರೂಪವೇನಲ್ಲ. ಔಟ್‌ಪುಟ್‌ನ ಕೊನೆ ಸಾಲಿನಲ್ಲಿ ಎಷ್ಟು ಗೆದ್ದವು, ಎಷ್ಟು ಸೋತವು ಅನ್ನುವುದರ ಜೊತೆ 'ಸ್ಕಿಪ್ಡ್' ಅಂತ ಒಂದು ಲೆಕ್ಕ ಇರುತ್ತದೆ. ಯಾರೂ ಅದನ್ನು ಓದುವುದಿಲ್ಲ. ಅದು ಸೊನ್ನೆ ಅಲ್ಲದಿದ್ದರೆ, ಯಾಕೆ ಅಂತ ಕೇಳಲೇಬೇಕು.

ಕಾರಣ ಹಳದಿ, ಎರರ್ ಕೆಂಪು

ಈ ಟಿಪ್ಪಣಿಯಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನು ಓದಿ.

ಸಿಎಸ್0246 ಎಲ್ಲರಿಗೂ ಗೊತ್ತು: ಈ ಟೈಪ್ ಅಥವಾ ನೇಮ್‌ಸ್ಪೇಸ್ ಸಿಗಲಿಲ್ಲ, ಯೂಸಿಂಗ್ ಬಿಟ್ಟಿದ್ದೀರಾ ಅಥವಾ ರೆಫರೆನ್ಸ್ ಬಿಟ್ಟಿದ್ದೀರಾ ಅಂತ ಕೇಳುತ್ತದೆ. ಎರಡರಲ್ಲಿ ಯಾವುದು ಅಂತ ತಿಳಿಯಲು ಒಂದು ಸುಲಭ ದಾರಿ ಇದೆ. ಕ್ಲಾಸ್‌ನ ಹೆಸರನ್ನು ನೇಮ್‌ಸ್ಪೇಸ್ ಸಮೇತ ಪೂರ್ತಿ ಬರೆಯಿರಿ. ಎರರ್ ಹೋದರೆ ಬೇಕಿದ್ದದ್ದು ಬರೀ ಯೂಸಿಂಗ್. ಹೋಗದಿದ್ದರೆ ರೆಫರೆನ್ಸ್ ಕಡೆ ತಿರುಗಿ. ಬದಲಿಗೆ ಸಿಎಸ್0122 ಬಂದರೆ ರೆಫರೆನ್ಸ್ ಸರಿಯಾಗೇ ಇದೆ, ಕ್ಲಾಸ್‌ಗೆ ಪಬ್ಲಿಕ್ ಹಾಕಿಲ್ಲ ಅಷ್ಟೇ. ಏನೂ ಹಾಕದಿದ್ದರೆ ಅದು ಇಂಟರ್ನಲ್ ಆಗುತ್ತದೆ, ಪಕ್ಕದ ಪ್ರಾಜೆಕ್ಟ್‌ಗೆ ಕಾಣುವುದಿಲ್ಲ.

ಈಗ ತಮಾಷೆ ನೋಡಿ. ರೆಫರೆನ್ಸ್ ಪಟ್ಟಿಯಲ್ಲಿ ಹೆಸರು ಇದೆ, ಆದರೂ ಸಿಎಸ್0246 ಬರುತ್ತಿದೆ. ಹೀಗಾದಾಗ ಕಾರಣ ಎರರ್ ಆಗಿ ಅಲ್ಲ, ವಾರ್ನಿಂಗ್ ಆಗಿ ಬಂದಿರುತ್ತದೆ. ಎಂಎಸ್‌ಬಿಲ್ಡ್‌ಗೆ ಡಿಎಲ್ಎಲ್ ಸಿಗದಿದ್ದರೆ ಅದು ಎಂಎಸ್‌ಬಿ3245 ಅನ್ನುವ ವಾರ್ನಿಂಗ್ ಕೊಟ್ಟು ಸುಮ್ನೆ ಮುಂದೆ ಹೋಗುತ್ತದೆ. ಆ ಮೇಲೆ ಕಂಪೈಲರ್ ಆ ಡಿಎಲ್ಎಲ್‌ನ ಕ್ಲಾಸ್ ಬಳಸಿದ ಕಡೆಯಲ್ಲೆಲ್ಲಾ ಕೆಂಪು ಸುರಿಯುತ್ತದೆ. ನಾವು ವಾರ್ನಿಂಗ್ ಬಟನ್ ಆಫ್ ಮಾಡಿಕೊಂಡು ಬರೀ ಎರರ್ ನೋಡುತ್ತಿರುತ್ತೇವೆ, ಅಲ್ವಾ? ಕಾರಣವನ್ನೇ ಮರೆಮಾಡಿಕೊಂಡು ಕಾರಣ ಹುಡುಕಿದಂತಾಯಿತು.

ಇದೇ ಗುಂಪಿನ ಇನ್ನೆರಡು ಹಳದಿಗಳನ್ನು ನೆನಪಿಡಿ.

ಎಂಎಸ್‌ಬಿ3274: ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ ಪ್ರಾಜೆಕ್ಟ್‌ಗಳಲ್ಲಿ ಬರುತ್ತದೆ. ಬಿಲ್ಲಿಂಗ್ 4.7.2ರಲ್ಲಿದೆ, ಸ್ಟಾಕ್ ಅನ್ನು ಯಾರೋ 4.8ಕ್ಕೆ ಏರಿಸಿದ್ದಾರೆ. ಮೇಲಿನ ವರ್ಷನ್‌ಗೆ ಕಟ್ಟಿದ ಲೈಬ್ರರಿಯನ್ನು ಕೆಳಗಿನ ವರ್ಷನ್‌ನ ಪ್ರಾಜೆಕ್ಟ್ ತೆಗೆದುಕೊಳ್ಳುವುದಿಲ್ಲ. ಎರಡನ್ನೂ ಒಂದೇ ಮಟ್ಟಕ್ಕೆ ತಂದರೆ ಸರಿ. ಹೊಸ ಶೈಲಿಯ (ಎಸ್‌ಡಿಕೆ ಬಳಸುವ) ಪ್ರಾಜೆಕ್ಟ್‌ಗಳಲ್ಲಿ ಇದೇ ತೊಂದರೆ ಎನ್‌ಯು1201 ಅನ್ನುವ ನೇರ ಎರರ್ ಆಗಿ ಬರುತ್ತದೆ, ಅದು ಎಷ್ಟೋ ವಾಸಿ.

ಎಂಎಸ್‌ಬಿ9008: ರೆಫರೆನ್ಸ್ ಮಾಡಿದ ಪ್ರಾಜೆಕ್ಟ್ ಫೈಲೇ ಅಲ್ಲಿಲ್ಲ. ನಮ್ಮ ವಿಂಡೋಸ್ ಮೆಷಿನ್‌ನಲ್ಲಿ ಬಿಲ್ಡ್ ಆಗಿ ಲಿನಕ್ಸ್ ಸರ್ವರ್‌ನಲ್ಲಿ ಅಥವಾ ಡಾಕರ್‌ನಲ್ಲಿ ಬಿದ್ದರೆ ಮೊದಲ ಅನುಮಾನ ಇದರ ಮೇಲೆ. ಫೋಲ್ಡರ್ ಹೆಸರು ಸಣ್ಣಕ್ಷರದಲ್ಲಿದ್ದು ಸಿಎಸ್‌ಪ್ರಾಜ್ ಫೈಲ್ (ಅಂದರೆ ಪ್ರಾಜೆಕ್ಟ್ ಫೈಲ್) ಒಳಗೆ ದೊಡ್ಡಕ್ಷರದಲ್ಲಿ ಬರೆದಿದ್ದರೆ ವಿಂಡೋಸ್ ತಲೆ ಕೆಡಿಸಿಕೊಳ್ಳುವುದಿಲ್ಲ, ಲಿನಕ್ಸ್ ಒಪ್ಪುವುದಿಲ್ಲ. ಅಕ್ಷರದ ಗಾತ್ರ ಮಾತ್ರ ಬದಲಾಯಿಸಿದರೆ ವಿಂಡೋಸ್‌ನಲ್ಲಿ ಗಿಟ್ ಅದನ್ನು ಗಮನಿಸದೇ ಬಿಡಬಹುದು, ಹಾಗಾಗಿ ಹೆಸರು ಬದಲಿಸಲು ಗಿಟ್‌ನ ಎಂವಿ ಕಮಾಂಡನ್ನೇ ಬಳಸಿ. ಡಾಕರ್‌ನಲ್ಲಾದರೆ ಇನ್ನೂ ಒಂದು ಸಾಧ್ಯತೆ ಇದೆ: ಕಾಮನ್ ಫೋಲ್ಡರನ್ನು ಕಾಪಿ ಮಾಡುವ ಸಾಲೇ ಡಾಕರ್‌ಫೈಲ್‌ನಲ್ಲಿ ಇರುವುದಿಲ್ಲ.

ಡಿಎಲ್ಎಲ್‌ಗೆ ಕೈ ಹಾಕಬೇಡಿ, ಪ್ರಾಜೆಕ್ಟನ್ನೇ ಸೇರಿಸಿ

ಆ್ಯಡ್ ರೆಫರೆನ್ಸ್ ಕಿಟಕಿಯಲ್ಲಿ ಬ್ರೌಸ್ ಒತ್ತಿ, ಸ್ಟಾಕ್‌ನ ಬಿನ್ ಫೋಲ್ಡರ್‌ಗೆ ಹೋಗಿ ಡಿಎಲ್ಎಲ್ ಆರಿಸಿದರೆ ತಕ್ಷಣಕ್ಕೆ ಕೆಲಸ ನಡೆಯುತ್ತದೆ. ಆದರೆ ಸಿಎಸ್‌ಪ್ರಾಜ್ ಫೈಲ್ ತೆಗೆದು ನೋಡಿ. ಅಲ್ಲಿ ಪ್ರಾಜೆಕ್ಟ್ ರೆಫರೆನ್ಸ್ ಬದಲು ಬರೀ ರೆಫರೆನ್ಸ್ ಅಂತ ಇದ್ದು, ಅದರೊಳಗೆ ಹಿಂಟ್‌ಪಾತ್ ಅಂತ ಒಂದು ವಿಳಾಸ ಕೂತಿರುತ್ತದೆ. ಅದರಲ್ಲಿ ಬಿನ್, ಡೀಬಗ್ ಅಂತೆಲ್ಲಾ ಇರುತ್ತದೆ.

ಇದರಿಂದ ಮೂರು ತೊಂದರೆ. ಬಿಲ್ಲಿಂಗ್‌ಗಿಂತ ಮೊದಲು ಸ್ಟಾಕ್ ಕಟ್ಟಬೇಕು ಅನ್ನುವುದು ಎಂಎಸ್‌ಬಿಲ್ಡ್‌ಗೆ ಗೊತ್ತಾಗುವುದಿಲ್ಲ. ರಿಲೀಸ್ ಬಿಲ್ಡ್ ಮಾಡಿದರೂ ಡೀಬಗ್ ಡಿಎಲ್ಎಲ್ ಒಳಗೆ ಸೇರುತ್ತದೆ. ಬಿನ್ ಫೋಲ್ಡರನ್ನು ಗಿಟ್‌ಗೆ ಹಾಕುವುದಿಲ್ಲವಾದ್ದರಿಂದ ಹೊಸದಾಗಿ ಕ್ಲೋನ್ ಮಾಡಿದವರಿಗೆ ಫೈಲ್ ಸಿಗುವುದೇ ಇಲ್ಲ.

ಹಿಂಟ್‌ಪಾತ್ ಅನ್ನುವ ಹೆಸರೇ ಹೇಳುವಂತೆ ಅದು ಸುಳಿವು ಮಾತ್ರ, ಆಣತಿ ಅಲ್ಲ. ಹಳೆಯ ಫ್ರೇಮ್‌ವರ್ಕ್ ಪ್ರಾಜೆಕ್ಟ್‌ಗಳಲ್ಲಿ ಅಲ್ಲಿ ಫೈಲ್ ಸಿಗದಿದ್ದರೆ ಎಂಎಸ್‌ಬಿಲ್ಡ್ ಬೇರೆ ಕಡೆ ಹುಡುಕುತ್ತದೆ: ಫ್ರೇಮ್‌ವರ್ಕ್‌ನ ಫೋಲ್ಡರ್, ರಿಜಿಸ್ಟ್ರಿಯಲ್ಲಿ ಬರೆದ ಜಾಗಗಳು, ಜಿಎಸಿ (ಇಡೀ ಮೆಷಿನ್‌ಗೆ ಸೇರಿದ ಡಿಎಲ್ಎಲ್‌ಗಳ ಜಾಗ), ಕೊನೆಗೆ ನಿಮ್ಮದೇ ಔಟ್‌ಪುಟ್ ಫೋಲ್ಡರ್. ಕೊನೆಯದು ಪಕ್ಕಾ ಮೋಸಗಾರ. ಹಿಂದೊಮ್ಮೆ ಬಿಲ್ಡ್ ಆದಾಗ ಅಲ್ಲಿ ಬಿದ್ದ ಹಳೇ ಡಿಎಲ್ಎಲ್ ಸಿಕ್ಕಿ ಬಿಲ್ಡ್ ಗೆದ್ದುಬಿಡುತ್ತದೆ. ಸ್ಟಾಕ್‌ನಲ್ಲಿ ಹೊಸ ಮೆಥಡ್ ಬರೆದರೂ ಬಿಲ್ಲಿಂಗ್‌ಗೆ ಕಾಣುವುದಿಲ್ಲ. 'ನನ್ನ ಮೆಷಿನ್‌ನಲ್ಲಿ ಬಿಲ್ಡ್ ಆಗ್ತಿದೆ, ನಿನ್ನದರಲ್ಲೇ ಏನೋ ಎಡವಟ್ಟು' ಅನ್ನುವ ಜಗಳದ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಯಾವ ಫೈಲ್ ಸಿಕ್ಕಿದೆ ಅಂತ ನೋಡಲು ರೆಫರೆನ್ಸ್ ಮೇಲೆ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಪಾತ್ ಓದಿ. ನೀವು ಅಂದುಕೊಂಡ ಫೋಲ್ಡರ್ ಅಲ್ಲಿ ಇರದಿದ್ದರೆ ಉತ್ತರ ಸಿಕ್ಕಿತು.

ಹೊಸ ಶೈಲಿಯ ಪ್ರಾಜೆಕ್ಟ್‌ನಲ್ಲಿ ಬಿಲ್ಲಿಂಗ್‌ಗೆ ಸ್ಟಾಕ್ ಸೇರಿಸಿದರೆ ಸಾಕು, ಕಾಮನ್ ಜೊತೆಗೇ ಬರುತ್ತದೆ. ಹಳೆಯದರಲ್ಲಿ ಹಾಗಲ್ಲ. ಸ್ಟಾಕ್‌ನ ಮೆಥಡ್ ಒಂದು ಕಾಮನ್‌ನ ಟೈಪನ್ನು ವಾಪಸ್ ಕೊಟ್ಟರೆ ಸಿಎಸ್0012 ಬರುತ್ತದೆ. ಯಾವ ಅಸೆಂಬ್ಲಿ (ಡಿಎಲ್ಎಲ್) ಸೇರಿಸಬೇಕು ಅಂತ ಅದೇ ಹೆಸರು ಹೇಳುತ್ತದೆ, ಸೇರಿಸಿ ಮುಂದೆ ಹೋಗಿ.

ಸ್ಟಾಕ್‌ಗೂ ಬಿಲ್ಲಿಂಗ್ ಬೇಕು ಅನ್ನಿಸಿದರೆ ವಿಷುವಲ್ ಸ್ಟುಡಿಯೋ ಸರ್ಕ್ಯುಲರ್ ಡಿಪೆಂಡೆನ್ಸಿ ಅಂತ ತಡೆಯುತ್ತದೆ. ಆಗ ಕೆಲವರು ಬ್ರೌಸ್ ಮಾಡಿ ಡಿಎಲ್ಎಲ್ ಸೇರಿಸಿ ತಪ್ಪಿಸಿಕೊಳ್ಳುತ್ತಾರೆ. ದಯವಿಟ್ಟು ಬೇಡ. ಎರಡಕ್ಕೂ ಬೇಕಾದ ಇಂಟರ್‌ಫೇಸನ್ನು ಕಾಮನ್‌ಗೆ ಎತ್ತಿ ಹಾಕಿ.

ನ್ಯೂಗೆಟ್ ವರ್ಷನ್ ಜಗಳ

ನೆಟ್‌ಎಸ್‌ಡಿಕೆ1004 ಬಂದರೆ ಹೆದರಬೇಡಿ. ಆಬ್ಜ್ ಫೋಲ್ಡರ್‌ನಲ್ಲಿರಬೇಕಾದ ಅಸೆಟ್ಸ್ ಫೈಲ್ ಇಲ್ಲ ಅಂತ ಅರ್ಥ. ರಿಸ್ಟೋರ್ ಮಾಡಿದರೆ ಹುಟ್ಟುತ್ತದೆ.

ಎನ್‌ಯು1605 ಸ್ವಲ್ಪ ಯೋಚನೆ ಕೇಳುತ್ತದೆ. ಬಿಲ್ಲಿಂಗ್‌ನಲ್ಲಿ ನ್ಯೂಟನ್‌ಸಾಫ್ಟ್ ಜೇಸನ್ ಪ್ಯಾಕೇಜ್‌ನ 12.0.3 ವರ್ಷನ್ ನೇರವಾಗಿ ಹಾಕಿದ್ದೀರಿ. ಸ್ಟಾಕ್‌ಗೆ ಕನಿಷ್ಠ 13.0.1 ಬೇಕು. ನ್ಯೂಗೆಟ್ ನಿಯಮದಲ್ಲಿ ಹತ್ತಿರದ್ದೇ ಗೆಲ್ಲುತ್ತದೆ, ಅಂದರೆ ನೀವು ನೇರವಾಗಿ ಬರೆದ 12.0.3. ಆದರೆ ಅದು ಸ್ಟಾಕ್‌ಗೆ ಸಾಲದು. ಹಾಗಾಗಿ ಡೌನ್‌ಗ್ರೇಡ್ ಅಂತ ಕೂಗುತ್ತದೆ. ಎರರ್‌ನ ಕೆಳಗೇ ಯಾರಿಂದ ಯಾರಿಗೆ ಬಂತು ಅನ್ನುವ ಬಾಣದ ಸರಣಿ ಇರುತ್ತದೆ, ಅದನ್ನು ಓದಿ. ಪರಿಹಾರ: ಬಿಲ್ಲಿಂಗ್‌ನಲ್ಲೂ 13.0.1 ಮಾಡಿ, ಅಥವಾ ಆ ಸಾಲನ್ನೇ ತೆಗೆದುಬಿಡಿ, ಸ್ಟಾಕ್ ಮೂಲಕ ಬರಲಿ. ನೋವಾರ್ನ್ (ವಾರ್ನಿಂಗ್ ಅಡಗಿಸುವ ಸೆಟ್ಟಿಂಗ್) ಹಾಕಿ ಬಾಯಿ ಮುಚ್ಚಿಸಿದರೆ ಬಿಲ್ಡ್ ಆಗುತ್ತದೆ, ಆಮೇಲೆ ಪ್ರೋಗ್ರಾಂ ಓಡುವಾಗ ಅದೇ ಜಾಗದಲ್ಲಿ ಬೀಳಬಹುದು. ಪ್ರಾಜೆಕ್ಟ್‌ಗಳು ಜಾಸ್ತಿ ಇದ್ದರೆ ಎಲ್ಲ ವರ್ಷನ್‌ಗಳನ್ನೂ ಡೈರೆಕ್ಟರಿ.ಪ್ಯಾಕೇಜಸ್.ಪ್ರಾಪ್ಸ್ ಅನ್ನುವ ಒಂದೇ ಫೈಲ್‌ನಲ್ಲಿ ಇಡುವ ಸೌಲಭ್ಯ ಇದೆ. ನನ್ನ ಪ್ರಕಾರ ನಾಲ್ಕೈದು ಪ್ರಾಜೆಕ್ಟ್ ದಾಟಿದ ಮೇಲೆ ಅದು ಬೇಕೇಬೇಕು.

ಉಳಿದ ಚಿಲ್ಲರೆ

ಎಂಎಸ್‌ಬಿ3027 ಕಾಪಿ ಹಂತದ್ದು. ಹಳೇ ಪ್ರೋಗ್ರಾಂ ಇನ್ನೂ ಓಡುತ್ತಿದೆ, ಅದರ ಫೈಲ್ ಮೇಲೆ ಬರೆಯಲು ಆಗುತ್ತಿಲ್ಲ. ಹತ್ತು ಸಲ ಪ್ರಯತ್ನಿಸಿ ಕೈಬಿಡುತ್ತದೆ. ಯಾವ ಪ್ರೋಸೆಸ್ ಹಿಡಿದಿದೆ ಅಂತ ಎಷ್ಟೋ ಸಲ ಅದೇ ಸಾಲಿನಲ್ಲಿ ನಂಬರ್ ಸಮೇತ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮುಗಿಸಿ. ಪ್ರಾಜೆಕ್ಟನ್ನು ಓನ್‌ಡ್ರೈವ್ ಫೋಲ್ಡರ್‌ನಲ್ಲಿ ಇಟ್ಟಿದ್ದರೆ ಹೊರಗೆ ತನ್ನಿ.

ಬಿನ್ ಮತ್ತು ಆಬ್ಜ್ ಡಿಲೀಟ್ ಮಾಡು, ಎಲ್ಲ ಸರಿಹೋಗುತ್ತದೆ ಅನ್ನುವ ಸಲಹೆ ಎಲ್ಲರೂ ಕೊಡುತ್ತಾರೆ. ಎಷ್ಟೋ ಸಲ ಹೋಗುತ್ತದೆ, ನಿಜ. ಕ್ಲೀನ್ ಬಟನ್ ಎಲ್ಲವನ್ನೂ ಅಳಿಸುವುದಿಲ್ಲವಾದ್ದರಿಂದ ಕೈಯಾರೆ ಅಳಿಸುವುದಕ್ಕೆ ಅರ್ಥವೂ ಇದೆ. ಆದರೆ ಅದನ್ನೇ ಮೊದಲು ಮಾಡಿದರೆ ಯಾಕೆ ಕೆಟ್ಟಿತ್ತು ಅನ್ನುವ ಪುರಾವೆಯೂ ಅಳಿಸಿ ಹೋಗುತ್ತದೆ. ಹಾಗಾಗಿ ಮೊದಲು ಲಾಗ್ ಇಟ್ಟುಕೊಳ್ಳಿ, ಆಮೇಲೆ ಡಿಲೀಟ್.

ಲಾಗ್ ಅಂದರೆ ಬಿನ್‌ಲಾಗ್. ಕಮಾಂಡ್ ಲೈನ್‌ನಲ್ಲಿ ಡಾಟ್‌ನೆಟ್ ಬಿಲ್ಡ್ ಕೊಡುವಾಗ ಕೊನೆಗೆ -ಬಿಎಲ್ ಸೇರಿಸಿದರೆ ಎಂಎಸ್‌ಬಿಲ್ಡ್.ಬಿನ್‌ಲಾಗ್ ಅನ್ನುವ ಫೈಲ್ ಹುಟ್ಟುತ್ತದೆ. ಅದನ್ನು ಎಂಎಸ್‌ಬಿಲ್ಡ್ ಸ್ಟ್ರಕ್ಚರ್ಡ್ ಲಾಗ್ ವ್ಯೂವರ್‌ನಲ್ಲಿ ತೆರೆಯಿರಿ. ಇದು ಉಚಿತ, ಬರೆದವರು ಕಿರಿಲ್ ಒಸೆಂಕೊವ್. ಹುಡುಕುವ ಜಾಗದಲ್ಲಿ ಡಿಎಲ್ಎಲ್ ಹೆಸರು ಹಾಕಿ. ರಿಸಾಲ್ವ್ ಅಸೆಂಬ್ಲಿ ರೆಫರೆನ್ಸಸ್ ಅನ್ನುವ ಕೊಂಬೆಯ ಕೆಳಗೆ ಯಾವ ಯಾವ ಫೋಲ್ಡರ್‌ನಲ್ಲಿ ಹುಡುಕಿತು, ಎಲ್ಲಿ ಸಿಕ್ಕಿತು, ಯಾವುದನ್ನು ಯಾಕೆ ಬಿಟ್ಟಿತು ಅಂತ ಸಾಲುಸಾಲಾಗಿ ಇರುತ್ತದೆ. ಈ ಫೈಲ್ ಬೇರೆಯವರಿಗೆ ಕಳಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಅದರೊಳಗೆ ನಿಮ್ಮ ಮೆಷಿನ್‌ನ ಫೋಲ್ಡರ್ ಹೆಸರುಗಳು, ಎನ್ವಿರಾನ್ಮೆಂಟ್ ವೇರಿಯಬಲ್‌ಗಳು ಇರಬಹುದು. ಅಲ್ಲಿ ಪಾಸ್‌ವರ್ಡ್ ಅಥವಾ ಟೋಕನ್ ಇಟ್ಟಿದ್ದರೆ ಅದೂ ಜೊತೆಗೇ ಹೋಗುತ್ತದೆ.