ತನ್ನನ್ನೇ ತುಸು ತಿಂದು ಬದುಕುವ ಹೃದಯಕೋಶ

ಹೃದಯ ದಿನವೊಂದಕ್ಕೆ ಸುಮಾರು 1 ಲಕ್ಷ ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಖರ್ಚಾಗುತ್ತದೆ. ಹೊಸದು ತಯಾರಾಗದಿದ್ದರೆ ಕೋಶದಲ್ಲಿರುವ ಅದರ ದಾಸ್ತಾನು ಕೆಲವೇ ಸೆಕೆಂಡುಗಳಲ್ಲಿ ಬರಿದಾಗುತ್ತದೆ. ಹೀಗಾಗಿಯೇ ಹೃದಯಸ್ನಾಯುವಿನ ಕೋಶದೊಳಗೆ ಮೂರನೇ ಒಂದು ಭಾಗದಷ್ಟು ಜಾಗವನ್ನು ಎಟಿಪಿ ತಯಾರಿಸುವ ಮೈಟೋಕಾಂಡ್ರಿಯಗಳೇ ತುಂಬಿಕೊಂಡಿವೆ. ಸತ್ತ ಕೋಶದ ಜಾಗಕ್ಕೆ ಹೊಸದು ಬರುವುದೂ ಅಪರೂಪ: 25ರ ಹರೆಯದಲ್ಲಿ ವರ್ಷಕ್ಕೆ ಶೇ. 1ರಷ್ಟು ಕೋಶಗಳು ಮಾತ್ರ ಹೊಸದಾಗುತ್ತವೆ, ಮುಪ್ಪಿನಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಆಹಾರದ ಪೂರೈಕೆ ನಿಂತಾಗ ಇಂಥ ಕೋಶ ಕೆಲಸ ನಿಲ್ಲಿಸುವಂತಿಲ್ಲ, ಸಾಯುವಂತೆಯೂ ಇಲ್ಲ.

ಅದೃಷ್ಟಕ್ಕೆ, ಇಂಧನದ ವಿಷಯದಲ್ಲಿ ಹೃದಯಕ್ಕೆ ಹಟವಿಲ್ಲ. ಮಾಮೂಲಿ ದಿನಗಳಲ್ಲಿ ಅದು ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಕೊಬ್ಬಿನಾಮ್ಲಗಳಿಂದ ಪಡೆಯುತ್ತದೆ; ಗ್ಲೂಕೋಸ್, ಲ್ಯಾಕ್ಟೇಟ್ ಸಿಕ್ಕರೂ ಬಿಡುವುದಿಲ್ಲ. ಉಪವಾಸದಲ್ಲಿ ರಕ್ತದ ಇನ್ಸುಲಿನ್ ಇಳಿದು, ದೇಹದ ಕೊಬ್ಬು ಕರಗತೊಡಗಿ, ಯಕೃತ್ತು ಆ ಕೊಬ್ಬಿನಿಂದ ಕೀಟೋನ್ ಎಂಬ ಇಂಧನವನ್ನು ತಯಾರಿಸಲು ಆರಂಭಿಸಿದಾಗ ಹೃದಯ ಕೊಬ್ಬಿನಾಮ್ಲ, ಕೀಟೋನ್ ಇವೆರಡರ ಮೇಲೆ ಇನ್ನಷ್ಟು ಅವಲಂಬಿಸಿ, ಗ್ಲೂಕೋಸನ್ನು ಮಿದುಳಿಗೂ ಕೆಂಪು ರಕ್ತಕಣಗಳಿಗೂ ಉಳಿಸಿಕೊಡುತ್ತದೆ.

ನನ್ನ ಮಟ್ಟಿಗೆ ಇದಕ್ಕಿಂತ ಕುತೂಹಲಕರವಾದದ್ದು ಕೋಶದೊಳಗೇ ನಡೆಯುವ ಇನ್ನೊಂದು ಏರ್ಪಾಡು. ಎಟಿಪಿ ಕುಗ್ಗಿದ ಸುಳಿವನ್ನು ಎಎಂಪಿಕೆ ಎಂಬ ಕಿಣ್ವ ಹಿಡಿಯುತ್ತದೆ. ಅಮೈನೋ ಆಮ್ಲಗಳ ಕೊರತೆಯಾದಾಗ ಎಂಟಾರ್ ಎಂಬ ಇನ್ನೊಂದು ಕಿಣ್ವ ಸುಮ್ಮನಾಗುತ್ತದೆ. ಆಗ ಹೊಸ ಪ್ರೋಟೀನುಗಳ ತಯಾರಿಕೆ ತಗ್ಗುತ್ತದೆ, ಮತ್ತು ಕೋಶರಸದಲ್ಲಿ ತೆಳುವಾದ ಪೊರೆಯೊಂದು ಬಟ್ಟಲಿನಂತೆ ಬಾಗುತ್ತಾ, ಸವೆದ ಮೈಟೋಕಾಂಡ್ರಿಯವನ್ನೋ ಒಂದಿಷ್ಟು ಪ್ರೋಟೀನನ್ನೋ ಸುತ್ತುವರಿದು ಎರಡು ಪದರದ ಚೀಲವಾಗಿ ಮುಚ್ಚಿಕೊಳ್ಳುತ್ತದೆ. ಈ ಚೀಲ, ಜೀರ್ಣಿಸುವ ಕಿಣ್ವಗಳಿರುವ ಲೈಸೋಸೋಮ್ ಎಂಬ ಇನ್ನೊಂದು ಚೀಲದೊಡನೆ ಬೆರೆತು ಒಳಗಿನದೆಲ್ಲ ಜೀರ್ಣವಾದ ಮೇಲೆ ಅಮೈನೋ ಆಮ್ಲಗಳೂ ಕೊಬ್ಬಿನಾಮ್ಲಗಳೂ ಕೋಶದ ಬಳಕೆಗೆ ಮರಳುತ್ತವೆ. ಕ್ರಿಶ್ಚಿಯನ್ ಡಿ ಡ್ಯೂವ್ 1963ರಲ್ಲಿ ಇದಕ್ಕೆ ಆಟೋಫೇಜಿ, ಅಂದರೆ ಸ್ವಭಕ್ಷಣೆ, ಎಂದು ಹೆಸರಿಟ್ಟರು. ಹಸಿದ ಯೀಸ್ಟ್ ಕೋಶಗಳನ್ನು ಗಮನಿಸಿ ಇದರ ಹಿಂದಿನ ಜೀನುಗಳನ್ನು ಪತ್ತೆಹಚ್ಚಿದ ಯೋಶಿನೋರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು.

ಹೃದಯಕ್ಕೆ ಇದು ಎಷ್ಟು ಮುಖ್ಯವೆಂಬುದನ್ನು ಆಗತಾನೆ ಹುಟ್ಟಿದ ಇಲಿಮರಿಗಳು ತೋರಿಸಿಕೊಟ್ಟವು. ಗರ್ಭದಲ್ಲಿರುವಾಗ ಮಾಸಿನ ಮೂಲಕ ಎಡೆಬಿಡದೆ ಬರುತ್ತಿದ್ದ ಪೋಷಣೆ ಹೆರಿಗೆಯಾದೊಡನೆ ಕಡಿದುಹೋಗುತ್ತದೆ, ತಾಯಿಯ ಹಾಲು ಸಾಕಷ್ಟು ಸಿಗುವವರೆಗೆ ಮರಿ ಹಸಿದೇ ಇರಬೇಕು. ನೊಬೊರು ಮಿಜುಶಿಮಾ ಮತ್ತು ಸಂಗಡಿಗರು ಸ್ವಭಕ್ಷಣೆಯ ಚೀಲಗಳು ಹಸಿರು ಚುಕ್ಕೆಗಳಾಗಿ ಹೊಳೆಯುವಂತೆ ಮಾರ್ಪಡಿಸಿದ ಇಲಿಗಳನ್ನು ಪರೀಕ್ಷಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟುವ ಮುನ್ನ ವಿರಳವಾಗಿದ್ದ ಚುಕ್ಕೆಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಹೃದಯಸ್ನಾಯುವಿನ ತುಂಬ ಕಾಣಿಸಿಕೊಂಡು, ಒಂದೆರಡು ದಿನಗಳಲ್ಲಿ ಮತ್ತೆ ವಿರಳವಾದವು. ಸ್ವಭಕ್ಷಣೆಗೆ ಅಗತ್ಯವಾದ ಎಟಿಜಿ5 ಜೀನ್ ಇಲ್ಲದ ಮರಿಗಳು ನೋಡಲು ಹೆಚ್ಚುಕಡಿಮೆ ಎಲ್ಲ ಮರಿಗಳಂತೆಯೇ ಹುಟ್ಟಿದರೂ ಒಂದು ದಿನ ದಾಟಲಿಲ್ಲ. ಹಾಲು ಕೊಡದೆ ಇರಿಸಿದಾಗ ಸಾಮಾನ್ಯ ಮರಿಗಳು ಸುಮಾರು 21 ಗಂಟೆ ಬದುಕಿದರೆ ಇವು 12 ಗಂಟೆಯ ಸುಮಾರಿಗೆ ಸತ್ತವು. ಬಾಯಿಗೆ ಹಾಲು ಹಾಕಿದಾಗ ಇನ್ನಷ್ಟು ಹೊತ್ತು ಜೀವ ಹಿಡಿದುಕೊಂಡವು.

ಹಾಗೆಂದು ಉಪವಾಸದಿಂದ ಹೃದಯ ಶುದ್ಧವಾಗುತ್ತದೆ ಎಂಬ ಪ್ರಚಾರಕ್ಕೆ ಇದನ್ನು ಆಧಾರವಾಗಿ ಹಿಡಿಯುವುದು ಅವಸರವಾದೀತು. ರಕ್ತನಾಳ ಕಟ್ಟಿಕೊಂಡಾಗಿನ ಹಸಿವೇ ಬೇರೆ: ಅಲ್ಲಿ ಆಮ್ಲಜನಕವೂ ಇಲ್ಲದ್ದರಿಂದ ಕೊಬ್ಬನ್ನು ಉರಿಸಲಾಗದು, ಒಂದು ಗ್ಲೂಕೋಸಿನಿಂದ 30ರಷ್ಟು ಎಟಿಪಿ ಸಿಗುತ್ತಿದ್ದ ಕಡೆ 2 ಮಾತ್ರ ಸಿಗುತ್ತವೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ, ನಾಳ ಮುಚ್ಚಿರುವಷ್ಟು ಹೊತ್ತು ಕೋಶವನ್ನು ಕಾಪಾಡಿದ ಇದೇ ಸ್ವಭಕ್ಷಣೆ, ನಾಳ ತೆರೆದು ರಕ್ತ ಮರಳಿದ ಮೇಲೆ ಅತಿಯಾಗಿ, ಕೋಶದ ಸಾವನ್ನು ಹೆಚ್ಚಿಸಿದ್ದೂ ಕಂಡುಬಂದಿದೆ.