ಬ್ರೇಕಿಂಗ್ ಕೆಪಾಸಿಟಿ: ಫ್ಯೂಸ್ ಮೇಲೆ ಯಾರೂ ಓದದ ನಂಬರ್

ಮನೆಯ ಡಿಬಿ ಬಾಕ್ಸ್ ತೆರೆದು ಯಾವುದಾದರೂ ಒಂದು ಎಂಸಿಬಿಯ, ಅಂದರೆ ಫ್ಯೂಸಿನ ಕೆಲಸ ಮಾಡುವ ಸ್ವಿಚ್ಚಿನ, ಮುಖ ನೋಡಿ. ಸಿ16, ಸಿ32 ಅಂತ ದೊಡ್ಡದಾಗಿ ಇರುತ್ತದೆ. ಅದು ಆಂಪ್ಸ್, ಎಲ್ಲರಿಗೂ ಗೊತ್ತು. ಅಲ್ಲೇ ಹತ್ತಿರ ಸಣ್ಣ ಚೌಕದ ಒಳಗೆ 6000 ಅಥವಾ 10000 ಅಂತಲೂ ಅಚ್ಚಾಗಿರುತ್ತದೆ. ಅದೇ ಬ್ರೇಕಿಂಗ್ ಕೆಪಾಸಿಟಿ. ಫ್ಯೂಸ್‌ಗಳ ಮೇಲೆ ಇದನ್ನೇ ಇಂಟರಪ್ಟಿಂಗ್ ರೇಟಿಂಗ್ ಅಂತಲೋ ಎಐಸಿ (ಆಂಪಿಯರ್ ಇಂಟರಪ್ಟಿಂಗ್ ಕೆಪಾಸಿಟಿ) ಅಂತಲೋ ಬರೆದಿರುತ್ತಾರೆ. ಹೆಸರು ಬೇರೆ, ವಿಷಯ ಒಂದೇ.

ಮೊದಲ ನಂಬರ್ ಹೇಳುವುದು ಫ್ಯೂಸ್ ಯಾವಾಗ ಹೋಗುತ್ತದೆ ಅಂತ. ಎರಡನೆಯದು ಹೇಳುವುದು, ಹೋದಾಗ ಅದು ಎಷ್ಟು ದೊಡ್ಡ ಕರೆಂಟನ್ನು ನಿಜಕ್ಕೂ ನಿಲ್ಲಿಸಬಲ್ಲದು ಅಂತ. ಫ್ಯೂಸ್ ಹೋದರೆ ಕರೆಂಟ್ ನಿಂತೇ ನಿಲ್ಲುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ ಅಲ್ವಾ, ಹಾಗೇನಿಲ್ಲ. ಒಳಗಿನ ತಂತಿ ಕರಗಿದ ತಕ್ಷಣ ಅದು ಬಿಟ್ಟ ಜಾಗದಲ್ಲಿ ಕಿಡಿ ಹತ್ತುತ್ತದೆ, ಆ ಕಿಡಿಯೇ ಕರೆಂಟಿಗೆ ದಾರಿಯಾಗುತ್ತದೆ. ಮಳೆಗಾಲದಲ್ಲಿ ಹಳ್ಳದ ಮೇಲಿನ ಸಂಕ ಕೊಚ್ಚಿ ಹೋದರೂ ಹಳ್ಳ ಕಿರಿದಾಗಿದ್ದರೆ ಗಟ್ಟಿ ಆಳುಗಳು ಹಾರಿಕೊಂಡು ಆಚೆ ಹೋಗುತ್ತಾರಲ್ಲ, ಹಾಗೆ. ಫ್ಯೂಸ್‌ನ ತಾಕತ್ತು ಮೀರಿದ ಕರೆಂಟ್ ಬಂದರೆ ಕಿಡಿ ಆರುವುದೇ ಇಲ್ಲ, ಗಾಜೋ ಪ್ಲಾಸ್ಟಿಕ್ಕೋ ಸಿಡಿಯುತ್ತದೆ, ಆಮೇಲೆ ಕೇಬಲ್ ಉರಿಯುತ್ತದೆ.

ಇದನ್ನು ತಡೆಯೋಕೆ ದೊಡ್ಡ ಫ್ಯೂಸ್‌ಗಳ ಒಳಗೆ ಮರಳು ತುಂಬಿರುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವಾಗ ಮೋಟಾರಿನ ಸ್ಟಾರ್ಟರ್ ಬೋರ್ಡ್‌ನಲ್ಲಿ ಇರುತ್ತವಲ್ಲ ಬಿಳಿ ಪಿಂಗಾಣಿಯ ಎಚ್‌ಆರ್‌ಸಿ ಫ್ಯೂಸ್‌ಗಳು, ಅವೇ. ಎಚ್‌ಆರ್‌ಸಿ ಅಂದರೆ ಹೈ ರಪ್ಚರಿಂಗ್ ಕೆಪಾಸಿಟಿ. ದೊಡ್ಡ ಶಾರ್ಟ್‌ನಲ್ಲಿ ಹೋದ ಒಂದನ್ನು ಸುತ್ತಿಗೆಯಲ್ಲಿ ಒಡೆದು ನೋಡಿ. ಉಳಿದ ಮರಳು ಪುಡಿಪುಡಿಯಾಗಿ ಸುರಿಯುತ್ತದೆ, ಆದರೆ ಕರಗಿಹೋದ ಲೋಹದ ಪಟ್ಟಿ ಇದ್ದ ಜಾಗದಲ್ಲಿ ಮಾತ್ರ ಬೂದು ಬಣ್ಣದ ಗಟ್ಟಿ ಉಂಡೆ ಸಿಗುತ್ತದೆ. ಕಿಡಿಯ ಬಿಸಿಯನ್ನೆಲ್ಲ ಮರಳು ಕುಡಿದು, ಕರಗಿ, ಗಾಜಾಗಿ ದಾರಿ ಮುಚ್ಚಿರುತ್ತದೆ. ಬರೀ ತಂತಿ ಸುತ್ತುವ ಕಿಟ್‌ಕ್ಯಾಟ್ ಫ್ಯೂಸ್‌ನಲ್ಲಿ ಈ ಭಾಗ್ಯ ಇಲ್ಲ.

ಮನೆಗೆ ಲೈನಿನಲ್ಲಿ ಬರುವ ಎಸಿ ಕರೆಂಟಿನಲ್ಲಿ ಇನ್ನೊಂದು ಅನುಕೂಲ ಇದೆ. 50 ಹರ್ಟ್ಸ್ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಪ್ರತಿ ಸಲವೂ ಕಿಡಿಗೆ ಸಾಯುವ ಅವಕಾಶ. ಬ್ಯಾಟರಿಯ ಡಿಸಿ ಒಂದೇ ಸಮ ಹರಿಯುತ್ತದೆ, ಸೊನ್ನೆ ಅನ್ನೋದೇ ಇಲ್ಲ. ಅದಕ್ಕೇ ಎಸಿಗೆ ಮಾಡಿದ ಎಂಸಿಬಿಯ ಚೌಕದೊಳಗಿನ 6000ಕ್ಕೆ ಡಿಸಿ ಲೈನಿನಲ್ಲಿ ಬೆಲೆ ಇಲ್ಲ.

ಇಷ್ಟು ದಿನ ಇದನ್ನೆಲ್ಲ ಯಾರೂ ಕೇಳಲಿಲ್ಲ, ಯಾಕಂದ್ರೆ ಮನೆಯ ಯುಪಿಎಸ್ಸಿಗೆ ಇದ್ದದ್ದು ಟ್ಯೂಬ್ಯುಲರ್ ಬ್ಯಾಟರಿ. 150 ಎಎಚ್‌ನ ಲೆಡ್ ಆಸಿಡ್ ಬ್ಯಾಟರಿ ಶಾರ್ಟ್ ಆದರೆ ಸುಮಾರು ಎರಡು, ಮೂರು ಸಾವಿರ ಆಂಪ್ಸ್ ಕೊಡಬಹುದು, ಅದರ ಒಳಗಿನ ರೆಸಿಸ್ಟೆನ್ಸೇ ಅದಕ್ಕೆ ಕಡಿವಾಣ. ಈಗ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಹೋಂಸ್ಟೇ ನಡೆಸುವವರು ಒಬ್ಬೊಬ್ಬರೇ ಲಿಥಿಯಂಗೆ ಬದಲಾಗುತ್ತಿದ್ದಾರೆ. ಆಷಾಢದ ಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಬರೋದು ಯಾವಾಗಲೋ, ಗೆಸ್ಟ್‌ಗಳು ಇರುತ್ತಾರೆ, ಡಿಸ್ಟಿಲ್ಡ್ ವಾಟರ್ ಹಾಕುವ ರಗಳೆಯೂ ತಪ್ಪುತ್ತದೆ. ಒಳ್ಳೆಯದೇ. ಆದರೆ ಲೆಕ್ಕ ನೋಡಿ. ಲಿಥಿಯಂ ಐರನ್ ಫಾಸ್ಫೇಟ್‌ನ ಒಂದು 280 ಎಎಚ್ ಸೆಲ್‌ನ ಒಳ ರೆಸಿಸ್ಟೆನ್ಸ್ ಸುಮಾರು 0.25 ಮಿಲಿಓಮ್. ನಾಲ್ಕು ಸೆಲ್ ಸೇರಿಸಿದರೆ 12.8 ವೋಲ್ಟ್, 1 ಮಿಲಿಓಮ್. ಭಾಗಿಸಿದರೆ 12,800 ಆಂಪ್ಸ್! ಕೇಬಲ್, ನಟ್ಟು, ಬೋಲ್ಟು ಅಂತ ಎಲ್ಲದರ ರೆಸಿಸ್ಟೆನ್ಸ್ ಸೇರಿ ನಿಜದಲ್ಲಿ ಕಮ್ಮಿ ಬರುತ್ತದೆ, ಸರಿ. ಆದರೆ ಅಂಥದ್ದೇ ಎರಡು, ಮೂರು ಬ್ಯಾಟರಿ ಪ್ಯಾರಲಲ್ ಹಾಕಿದರೆ ಮತ್ತೆ ಕೂಡುತ್ತಾ ಹೋಗುತ್ತದೆ. 48 ವೋಲ್ಟ್ ಸಿಸ್ಟಂಗೆ 16 ಸೆಲ್ ಸಾಲಾಗಿ ಜೋಡಿಸಿದರೂ ಶಾರ್ಟ್ ಕರೆಂಟ್ ಹೆಚ್ಚು ಕಮ್ಮಿ ಅಷ್ಟೇ, ವೋಲ್ಟೇಜ್ ಮಾತ್ರ ನಾಲ್ಕು ಪಟ್ಟು, ಅಂದರೆ ಕಿಡಿ ಆರಿಸೋದು ಇನ್ನೂ ಕಷ್ಟ.

ಈ ವಿಷಯದಲ್ಲಿ ನಮಗಿಂತ ಮೊದಲು ತಲೆ ಕೆಡಿಸಿಕೊಂಡವರು ಬೋಟಿನವರು. ಬೋಟ್‌ನಲ್ಲಿ ಎಂಜಿನ್ ಸ್ಟಾರ್ಟ್ ಮಾಡೋಕೆ ಒಂದು ಬ್ಯಾಟರಿ, ಲೈಟು, ಫ್ರಿಜ್ಜು, ಪಂಪು, ರೇಡಿಯೊ ನಡೆಸೋಕೆ ಬೇರೆ ಬ್ಯಾಟರಿ. ಎರಡನೆಯದಕ್ಕೆ ಹೌಸ್ ಬ್ಯಾಟರಿ ಅಂತಾರೆ. ಸಮುದ್ರದ ಮಧ್ಯೆ ಬೆಂಕಿ ಹತ್ತಿದರೆ ಓಡಿ ಹೋಗೋಕೆ ಅಂಗಳ ಇಲ್ಲ, ಅದಕ್ಕೇ ಅವರ ನಿಯಮ ಬಿಗಿ. ಕಳಸದ ಕಡೆಯ ಹುಡುಗನೊಬ್ಬ ಗೋವಾದಲ್ಲಿ ಬೋಟ್ ಮೇಲೆ ಕೆಲಸಕ್ಕಿದ್ದಾನೆ, ಓನರ್ ಲಿಥಿಯಂ ಹಾಕಿಸುತ್ತಿದ್ದಾರೆ ಅಂತ ಫೋನ್ ಮಾಡಿದ. "ಅಣ್ಣಾ, ಹಳೇ ಫ್ಯೂಸ್ 250 ಆಂಪ್ಸ್ ಇದೆ, ಹೊಸದಕ್ಕೂ 250 ಸಾಕಂತೆ, ಅದನ್ನೇ ಇಟ್ಟುಬಿಡ್ಲಾ?" ಅಂತ ಕೇಳಿದ. "ಆಂಪ್ಸ್ ಬಿಡು ಮಾರಾಯ, ಅದು ಯಾವ ಜಾತಿಯ ಫ್ಯೂಸು ಹೇಳು" ಅಂದೆ. ಅದು ಎಎನ್ಎಲ್ ಆಗಿತ್ತು.

ಎಎನ್ಎಲ್ ಅಂದರೆ ಎರಡು ಕಿವಿಯ ಚಪ್ಪಟೆ ಪಟ್ಟಿ, ಕಾರ್ ಆಡಿಯೊ ಅಂಗಡಿಯಲ್ಲೂ ಸಿಗುತ್ತದೆ. ಒಳ್ಳೆ ಕಂಪನಿಯದ್ದಾದರೆ 32 ವೋಲ್ಟ್ ಡಿಸಿಯಲ್ಲಿ 6,000 ಆಂಪ್ಸ್ ತಡೆಯುತ್ತದೆ. ಲೆಡ್ ಆಸಿಡ್‌ಗೆ ಧಾರಾಳ. ಎಂಆರ್‌ಬಿಎಫ್ ಅಂತ ಇನ್ನೊಂದಿದೆ, ಬ್ಯಾಟರಿ ಟರ್ಮಿನಲ್ ಮೇಲೇ ಕೂರುವ ಪುಟ್ಟ ಚೌಕ. ಅದು 14 ವೋಲ್ಟ್‌ನಲ್ಲಿ 10,000 ಆಂಪ್ಸ್ ತಡೆಯುತ್ತದೆ, 32 ವೋಲ್ಟ್‌ಗೆ ಬಂದರೆ 5,000, 58 ವೋಲ್ಟ್‌ಗೆ ಬಂದರೆ ಬರೀ 2,000. ಒಂದೇ ಫ್ಯೂಸು, ವೋಲ್ಟೇಜ್ ಏರಿದ ಹಾಗೆ ಮರ್ಯಾದೆ ಇಳಿಯುತ್ತದೆ. 12 ವೋಲ್ಟ್‌ನ ಬೋಟ್‌ನವರು ಹೊಗಳಿದ್ದನ್ನು ನೋಡಿ 48 ವೋಲ್ಟ್ ಯುಪಿಎಸ್‌ಗೆ ಇದನ್ನು ತರಿಸಿದರೆ ಕೆಟ್ಟಿರಿ. ಬೋಟಿನವರು ದೊಡ್ಡ ಲಿಥಿಯಂ ಬ್ಯಾಂಕ್‌ಗೆ ಸಾಮಾನ್ಯವಾಗಿ ಹಾಕುವುದು ಕ್ಲಾಸ್ ಟಿ. ಗುಂಡಗಿನ ಕೊಳವೆ, ಒಳಗೆ ಮರಳು, 125 ವೋಲ್ಟ್ ಡಿಸಿಯಲ್ಲಿ 20,000 ಆಂಪ್ಸ್ ತಡೆಯುತ್ತದೆ. ಹುಡುಗನಿಗೂ ಅದನ್ನೇ ಹೇಳಿದೆ.

ನಮ್ಮಲ್ಲಿ ಕ್ಲಾಸ್ ಟಿ ಸುಲಭಕ್ಕೆ ಸಿಗಲ್ಲ, ಎಚ್‌ಆರ್‌ಸಿ ಸಿಗುತ್ತದೆ. ಹಾಕಬಹುದು, ಆದರೆ ಮೈಮೇಲೆ 80 ಕೆಎ (80,000 ಆಂಪ್ಸ್) ಅಂತ ಇರೋದನ್ನು ನೋಡಿ ಕುಣಿಯಬೇಡಿ, ಅದು 415 ವೋಲ್ಟ್ ಎಸಿಯ ಲೆಕ್ಕ. ಡಿಸಿ ಎಷ್ಟು ವೋಲ್ಟ್, ಎಷ್ಟು ಕೆಎ ಅಂತ ಬೇರೆಯಾಗಿ ಬರೆದಿದ್ದರೆ ಮಾತ್ರ ತನ್ನಿ.

ಚಿಕ್ಕಮಗಳೂರಿನ ಹತ್ತಿರದ ಒಂದು ಹೋಂಸ್ಟೇಯಲ್ಲಿ ನಾನು ನೋಡಿದ್ದು ಇದಕ್ಕಿಂತ ಕಡೆ. ಮೆಟ್ಟಿಲ ಕೆಳಗಿನ ಬೀರುವಿನಲ್ಲಿ ಲಿಥಿಯಂ ಬ್ಯಾಟರಿ, 48 ವೋಲ್ಟ್, ಅದರಿಂದ ಇನ್ವರ್ಟರ್‌ಗೆ ಹೋಗುವ ಲೈನ್‌ನಲ್ಲಿ ಮಾಮೂಲಿ ಎಸಿ ಎಂಸಿಬಿ. ಬೆರಳಿಟ್ಟರೆ ಬಿಸಿ, ಒಂದು ಮೂಲೆ ಆಗಲೇ ಕಂದು ತಿರುಗಿತ್ತು. ಹಾಕಿದವರನ್ನು ಕೇಳಿದರೆ "ಟ್ರಿಪ್ ಆಗುತ್ತಲ್ಲ ಸಾರ್" ಅಂದರು. ಟ್ರಿಪ್ ಆಗುತ್ತದೆ, ನಿಲ್ಲುತ್ತಾ ಅನ್ನೋದು ಪ್ರಶ್ನೆ. ಸರಿ, ಡಿಸಿ ಎಂಸಿಬಿ ಹಾಕೋಣ ಅಂದರೆ ಅದರಲ್ಲೂ ಒಂದು ಸಿಕ್ಕು. ಸೋಲಾರ್‌ಗೆ ಬರುವ ಅಗ್ಗದ ಡಿಸಿ ಎಂಸಿಬಿಗಳಲ್ಲಿ ಸಾಕಷ್ಟು ಪ್ಲಸ್, ಮೈನಸ್ ಗುರುತು ಇರುವಂಥವು. ಒಳಗೆ ಸಣ್ಣ ಮ್ಯಾಗ್ನೆಟ್ ಇದ್ದು ಕಿಡಿಯನ್ನು ಒಂದು ಕಡೆಗೆ ತಳ್ಳಿ ಆರಿಸುತ್ತದೆ. ಕರೆಂಟ್ ಉಲ್ಟಾ ಬಂದರೆ ಕಿಡಿಯೂ ಉಲ್ಟಾ ಓಡುತ್ತದೆ. ಬ್ಯಾಟರಿ ಲೈನ್‌ನಲ್ಲಿ ಕರೆಂಟ್ ಚಾರ್ಜಿಂಗ್‌ಗೆ ಒಂದು ಕಡೆ, ಬಳಸುವಾಗ ಇನ್ನೊಂದು ಕಡೆ ಹೋಗುತ್ತದಲ್ಲ, ಹಾಗಾಗಿ ಅಲ್ಲಿಗೆ ಈ ಗುರುತಿನವು ಬೇಡವೇ ಬೇಡ.

"ಬಿಎಂಎಸ್ ಇದೆಯಲ್ಲ, ಶಾರ್ಟ್ ಆದರೆ ಅದೇ ಕಟ್ ಮಾಡುತ್ತೆ" ಅನ್ನುವವರು ಜಾಸ್ತಿ. ಬಿಎಂಎಸ್ ಅಂದರೆ ಲಿಥಿಯಂ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಬೋರ್ಡ್. ಕಟ್ ಮಾಡುತ್ತದೆ, ಸರಿಯಿದ್ದಾಗ. ಬಿಎಂಎಸ್ ಒಳಗೆ ಸ್ವಿಚ್ ಕೆಲಸ ಮಾಡೋದು ಮಾಸ್ಫೆಟ್‌ಗಳು, ಅವು ಕೆಟ್ಟರೆ ಎಷ್ಟೋ ಸಲ ಆನ್ ಆಗಿದ್ದ ಹಾಗೇ ಅಂಟಿಕೊಳ್ಳುತ್ತವೆ. ಆಗ ಉಳಿಯೋದು ಫ್ಯೂಸ್ ಒಂದೇ.

ಇನ್ನು ಆಂಪ್ಸ್ ಎಷ್ಟು ಹಾಕಬೇಕು? ಫ್ಯೂಸ್ ಇರೋದು ಕೇಬಲ್ ಕಾಯೋಕೆ. ಇನ್ವರ್ಟರ್ ಕಾಯೋದು ಅದರ ಕೆಲಸ ಅಲ್ಲ. 12 ವೋಲ್ಟ್‌ನಲ್ಲಿ 2,000 ವಾಟ್‌ನ ಇನ್ವರ್ಟರ್ ತನ್ನ ನಷ್ಟವೂ ಸೇರಿ ಸುಮಾರು 190 ಆಂಪ್ಸ್ ಎಳೆಯುತ್ತದೆ, ಅದಕ್ಕೆ ಕಾಲು ಭಾಗ ಸೇರಿಸಿದರೆ 240ರ ಹತ್ತಿರ, ಹಾಗಾಗಿ 250ರ ಫ್ಯೂಸ್. ಕೇಬಲ್ 250 ಆಂಪ್ಸ್ ತಾಳದಿದ್ದರೆ ದಪ್ಪ ಕೇಬಲ್ ತನ್ನಿ, ಫ್ಯೂಸ್ ಮೇಲೆ ಬೆಳ್ಳಿ ಪೇಪರ್ ಸುತ್ತುವ ಬುದ್ಧಿವಂತಿಕೆ ಬೇಡ. ಜಾಗ ಎಲ್ಲಿ ಅಂದರೆ, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ. ಬ್ಯಾಟರಿಗೂ ಫ್ಯೂಸ್‌ಗೂ ನಡುವಿನ ತುಂಡು ಕೇಬಲ್‌ಗೆ ದೇವರೇ ಗತಿ, ಆದ್ದರಿಂದ ಅಮೆರಿಕದ ಬೋಟ್ ನಿಯಮ ಮಾಡುವ ಎಬಿವೈಸಿಯವರು ಸಾಮಾನ್ಯವಾಗಿ 7 ಇಂಚಿನೊಳಗೆ ಅಂತಾರೆ, ಕೇಬಲ್‌ಗೆ ಹೊರಗವಚ ಇದ್ದರೆ ಸ್ವಲ್ಪ ಸಡಿಲ ಉಂಟು. ಪ್ಯಾರಲಲ್ ಬ್ಯಾಟರಿಗಳಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಫ್ಯೂಸ್ ಬೇಕು. ಒಂದು ಒಳಗೇ ಶಾರ್ಟ್ ಆದರೆ ಉಳಿದವೆಲ್ಲ ಅದರೊಳಕ್ಕೆ ಸುರಿಯುತ್ತವೆ, ಇನ್ವರ್ಟರ್ ಕಡೆ ಇರುವ ಒಂದು ಫ್ಯೂಸ್ ಸುಮ್ನೆ ನೋಡುತ್ತಾ ಕೂರುತ್ತದೆ.

ಬೋಟ್‌ಗೆ, ಕ್ಯಾಂಪರ್ ವ್ಯಾನ್‌ಗೆ ಇನ್ನೊಂದು ತಲೆನೋವು ಆಲ್ಟರ್ನೇಟರ್, ಅಂದರೆ ಎಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ಲಿಥಿಯಂ ಕೊಟ್ಟಷ್ಟೂ ಎಳೆದುಕೊಳ್ಳುತ್ತದೆ, ಆಲ್ಟರ್ನೇಟರ್ ಕಾದು ಹೋಗುತ್ತದೆ, ಮಧ್ಯೆ ಬಿಎಂಎಸ್ ಪಟ್ಟನೆ ಕಟ್ ಮಾಡಿದರೆ ವೋಲ್ಟೇಜ್ ಜಿಗಿದು ಅದರ ಡಯೋಡ್ ಸುಡಬಹುದು. ಮಧ್ಯೆ ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಮುಗೀತು. ಮನೆಯ ಯುಪಿಎಸ್‌ನಲ್ಲಾದರೆ ಲಿಥಿಯಂ ಮೋಡ್ ಇದೆಯಾ ನೋಡಿ, ಲೆಡ್ ಆಸಿಡ್ ಬ್ಯಾಟರಿಗೆ ಹೆಚ್ಚು ವೋಲ್ಟೇಜ್ ಕೊಟ್ಟು ಮಾಡುವ ಈಕ್ವಲೈಸೇಷನ್ ಚಾರ್ಜ್ ಬಂದ್ ಮಾಡಿ.

ಕೊಳ್ಳುವಾಗ ಫ್ಯೂಸ್ ಮೈಮೇಲೆ ಅಥವಾ ಕಂಪನಿಯ ಡೇಟಾಶೀಟ್‌ನಲ್ಲಿ ಡಿಸಿ ವೋಲ್ಟ್ ಮತ್ತು ಬ್ರೇಕಿಂಗ್ ಕೆಪಾಸಿಟಿ ಎರಡೂ ಇರಬೇಕು. ಬರೀ "250ಎ" ಅಂತ ಬರೆದ ಅಗ್ಗದ ಮಾಲು ವಾಪಸ್ ಕಳಿಸಿ. ಎರಡೆರಡು ತರಿಸಿಕೊಳ್ಳಿ, ಜೋರು ಮಳೆಯಲ್ಲಿ ಒಂದು ಹೋದರೆ ಬೆಂಗಳೂರಿಂದ ಕೊರಿಯರ್ ಬರುವ ತನಕ ಗೆಸ್ಟ್‌ಗಳು ಕಾಯುವುದಿಲ್ಲ. ಮತ್ತೆ, ಈ ಜಾತಿಯ ಫ್ಯೂಸ್ ಸುಮ್ಸುಮ್ನೆ ಹೋಗುವುದಿಲ್ಲ. ಶಾರ್ಟ್ ಎಲ್ಲಿ ಅಂತ ಸಿಗುವ ತನಕ ಎರಡನೆಯದನ್ನು ಪೊಟ್ಟಣದಿಂದ ತೆಗೆಯಬೇಡಿ.